ಒಂದೇ ತೂಕದ ಎರಡು ಪುಟ್ಟ ಗೆಲಾಕ್ಸಿ: ಒಂದರ ಒಲೆ ಆರಿದೆ, ಇನ್ನೊಂದು ಇನ್ನೂ ಉರಿಯುತ್ತಿದೆ. ಯಾಕೆ?

ನೀಹಾರಿಕೆ77 · ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ ಇದು. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಎರಡು ಪುಟ್ಟ ಗೆಲಾಕ್ಸಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದುತ್ತಿದ್ದೆ. ಒಂದು ಡ್ರೇಕೊ. ನಮ್ಮಿಂದ ಸುಮಾರು 2.6 ಲಕ್ಷ ಜ್ಯೋತಿರ್ವರ್ಷ ದೂರ. ಇನ್ನೊಂದು ಲಿಯೊ ಪಿ. ಅದು 53 ಲಕ್ಷ ಜ್ಯೋತಿರ್ವರ್ಷ ದೂರ. ಎರಡರಲ್ಲೂ ನಕ್ಷತ್ರಗಳನ್ನೆಲ್ಲ ಒಟ್ಟು ಹಾಕಿ ತೂಗಿದರೆ ಕೆಲವು ಲಕ್ಷ ಸೂರ್ಯರ ತೂಕ, ಅಷ್ಟೇ. ನಮ್ಮ ಆಕಾಶಗಂಗೆಯ ನಕ್ಷತ್ರಗಳ ತೂಕ 5,000 ಕೋಟಿ ಸೂರ್ಯರಷ್ಟಿದೆ. ಅದರ ಮುಂದೆ ಇವೆರಡೂ ಧೂಳಿನ ಕಣ.

ಆದರೆ ಡ್ರೇಕೊದಲ್ಲಿ ಸುಮಾರು 1,000 ಕೋಟಿ ವರ್ಷಗಳಿಂದ ಒಂದು ಹೊಸ ನಕ್ಷತ್ರವೂ ಹುಟ್ಟಿದಂತೆ ಕಾಣುವುದಿಲ್ಲ. ಲಿಯೊ ಪಿಯಲ್ಲಿ ಈಗಲೂ ಹುಟ್ಟುತ್ತಿವೆ. ಅಲ್ಲಿ ಸೂರ್ಯನಿಗಿಂತ ಹತ್ತಾರು ಪಟ್ಟು ಭಾರದ ಒಂದು ನೀಲಿ ನಕ್ಷತ್ರ ಸುತ್ತಲಿನ ಅನಿಲವನ್ನು ಬೆಳಗುತ್ತಿದೆ. ಅಂಥ ನಕ್ಷತ್ರದ ಆಯಸ್ಸು ಒಂದು ಕೋಟಿ ವರ್ಷವೂ ಇಲ್ಲ. ಅಂದರೆ ಅದು ಮೊನ್ನೆ ಮೊನ್ನೆ ಹುಟ್ಟಿದ ಕೂಸು.

ತೂಕ ಒಂದೇ. ಹಾಗಾದರೆ ಹಣೆಬರಹ ಬೇರೆ ಬೇರೆ ಆಗಿದ್ದು ಹೇಗೆ?

ಗಣಿತಮೇಷ್ಟ್ರು · ಶನಿವಾರ ರಾತ್ರಿ 10:05

ಒಳ್ಳೆಯ ಜೋಡಿ ಆರಿಸಿದ್ದೀರಿ ಮೇಡಂ. ನಿಮ್ಮ ಪ್ರಶ್ನೆಯೊಳಗೇ ಒಂದು ಸುಳಿವಿದೆ: ದೂರ. ಒಂದು ನಮ್ಮ ಆಕಾಶಗಂಗೆಯ ಅಂಗಳದಲ್ಲಿದೆ. ಇನ್ನೊಂದು ಊರಾಚೆ ಒಂಟಿಮನೆ.

ಇದು ಈ ಎರಡರ ಕಥೆ ಮಾತ್ರ ಅಲ್ಲ. ಆಕಾಶಗಂಗೆಯ ಸುತ್ತ ಇರುವ ಸ್ಕಲ್ಪ್ಟರ್, ಉರ್ಸಾ ಮೈನರ್, ಲಿಯೊ 1, ಲಿಯೊ 2, ಫೋರ್ನಾಕ್ಸ್, ಕರೀನಾ ಎಲ್ಲವನ್ನೂ ನೋಡಿ. ಒಂದರಲ್ಲೂ ಈಗ ನಕ್ಷತ್ರ ಹುಟ್ಟುತ್ತಿಲ್ಲ. ನಿಂತ ಕಾಲ ಮಾತ್ರ ಬೇರೆ ಬೇರೆ. ಉರ್ಸಾ ಮೈನರ್ ಬಹಳ ಹಿಂದೆಯೇ ನಿಂತಿತು. ಲಿಯೊ 1 ಸುಮಾರು 100 ಕೋಟಿ ವರ್ಷದ ಹಿಂದೆ. ಫೋರ್ನಾಕ್ಸ್ ಇನ್ನೂ ಈಚೆಗೆ. ಎಲ್ಲೆ ದಾಟಿ 14 ಲಕ್ಷ ಜ್ಯೋತಿರ್ವರ್ಷ ದೂರ ಹೋದರೆ ಲಿಯೊ ಟಿ ಸಿಗುತ್ತದೆ. ಅದು ಡ್ರೇಕೊಗಿಂತಲೂ ಚಿಕ್ಕದು. ಅದರಲ್ಲಿ ಈಗಲೂ ಅನಿಲ ಇದೆ, ಎಳೆಯ ನಕ್ಷತ್ರಗಳೂ ಇವೆ.

ಖೊಡದ್‌ಅಲೆ · ಶನಿವಾರ ರಾತ್ರಿ 11:20

ಲಿಯೊ ಟಿ ಹೆಸರು ಬಂತಲ್ಲ, ಇನ್ನು ಸುಮ್ನೆ ಇರಲು ಆಗಲಿಲ್ಲ. ನಾನು ರೇಡಿಯೊ ಖಗೋಳದ ವಿದ್ಯಾರ್ಥಿ. 2007ರಲ್ಲಿ ಲಿಯೊ ಟಿ ಪತ್ತೆಯಾಯಿತು. ಮರುವರ್ಷ ಅದರ ಜಲಜನಕದ ವಿವರವಾದ ನಕ್ಷೆ ಬಂತು. ಅದಕ್ಕೆ ಬಳಸಿದ ಎರಡು ದೂರದರ್ಶಕಗಳಲ್ಲಿ ಒಂದು ಪುಣೆ ಹತ್ತಿರದ ಖೊಡದ್‌ನಲ್ಲಿರುವ ಜಿಎಂಆರ್‌ಟಿ. 45 ಮೀಟರ್ ಅಗಲದ 30 ತಟ್ಟೆಗಳು. ಜಲಜನಕದ 21 ಸೆಂಟಿಮೀಟರ್ ಅಲೆಯನ್ನು ಹಿಡಿದರೆ ಅನಿಲ ಎಲ್ಲಿದೆ, ಎಷ್ಟಿದೆ, ಎಷ್ಟು ವೇಗದಲ್ಲಿ ಅಲೆಯುತ್ತಿದೆ ಎಲ್ಲ ಗೊತ್ತಾಗುತ್ತದೆ. ಲಿಯೊ ಟಿಯಲ್ಲಿ ನಕ್ಷತ್ರಗಳಿಗಿಂತ ಅನಿಲದ ತೂಕವೇ ಜಾಸ್ತಿ. ಡ್ರೇಕೊ ಕಡೆ ಅದೇ ಅಲೆಯಲ್ಲಿ ಎಷ್ಟು ಹುಡುಕಿದರೂ ಏನೂ ಸಿಗುವುದಿಲ್ಲ. ಪೂರ್ತಿ ಖಾಲಿ.

ನಕ್ಷತ್ರ ಹುಟ್ಟಲು ಬೇಕಾದದ್ದು ತಣ್ಣಗಿನ ಅನಿಲ. ಹಗೇವಿನಲ್ಲಿ ಕಾಳಿದ್ದರೆ ತಾನೇ ಒಲೆ ಮೇಲೆ ಅನ್ನ? ಹಾಗಾಗಿ ನೀಹಾರಿಕೆ ಅಕ್ಕನ ಪ್ರಶ್ನೆಯನ್ನು ಹೀಗೆ ತಿರುಗಿಸಬಹುದು: ಡ್ರೇಕೊದ ಅನಿಲವನ್ನು ಯಾರು ಒಯ್ದರು?

ಮೊದಲ ಉತ್ತರವನ್ನು 1972ರಲ್ಲಿ ಗನ್ ಮತ್ತು ಗಾಟ್ ಕೊಟ್ಟರು. ದೊಡ್ಡ ಗೆಲಾಕ್ಸಿಯ ಸುತ್ತ, ಗೆಲಾಕ್ಸಿಗಳ ದೊಡ್ಡ ಗುಂಪಿನ ನಡುವೆ, ಕಣ್ಣಿಗೆ ಕಾಣದ ಬಿಸಿ ಅನಿಲ ತೆಳ್ಳಗೆ ಹರಡಿಕೊಂಡಿರುತ್ತದೆ. ಪುಟ್ಟ ಗೆಲಾಕ್ಸಿ ಅದರೊಳಗೆ ನುಗ್ಗಿದಾಗ ಅದಕ್ಕೆ ಎದುರುಗಾಳಿ ಹೊಡೆಯುತ್ತದೆ. ಕಣದಲ್ಲಿ ರಾಶಿ ತೂರುವುದನ್ನು ನೋಡಿದವರಿಗೆ ಇದು ಸುಲಭ. ಮೊರ ಎತ್ತಿ ಸುರಿದರೆ ಕಾಳು ಕಾಲಬುಡಕ್ಕೆ ಬೀಳುತ್ತದೆ, ಹೊಟ್ಟು ಗಾಳಿಗೆ ಹಾರುತ್ತದೆ. ನಕ್ಷತ್ರಗಳು ಕಾಳಿನ ಹಾಗೆ. ಗಟ್ಟಿ, ಒತ್ತಾದ ಉಂಡೆಗಳು. ಅವುಗಳಿಗೆ ಗಾಳಿ ತಾಗಿದ್ದೂ ಗೊತ್ತಾಗುವುದಿಲ್ಲ. ಹಗುರವಾಗಿ ಹರಡಿದ ಅನಿಲ ಹೊಟ್ಟಿನ ಹಾಗೆ ಹಾರಿಹೋಗುತ್ತದೆ. ಒಂದೇ ವ್ಯತ್ಯಾಸ: ಇಲ್ಲಿ ಹಾರಿಹೋಗುವುದೇ ಮುಂದಿನ ಬಿತ್ತನೆಗೆ ಬೇಕಾದದ್ದು.

ಬಯಲುಸೀಮೆ · ಭಾನುವಾರ ಬೆಳಿಗ್ಗೆ 7:15

ಹೋಲಿಕೆ ಚೆನ್ನಾಗಿದೆ. ಆದರೆ ಆ ಬಿಸಿ ಅನಿಲ ಎಷ್ಟು ತೆಳ್ಳಗಿರುತ್ತದೆ ಎಂದು ಓದಿದ್ದೇನೆ. ಇಲ್ಲಿ ನಾವು ಪ್ರಯೋಗಾಲಯದಲ್ಲಿ ಮಾಡುವ ನಿರ್ವಾತಕ್ಕಿಂತ ಖಾಲಿ. ಏನೂ ಇಲ್ಲದ ಗಾಳಿ ಒಂದು ಗೆಲಾಕ್ಸಿಯ ಅನಿಲವನ್ನು ಹೇಗೆ ತೂರಿಬಿಡುತ್ತದೆ? ನಂಬಲು ಕಷ್ಟ.

ಗಣಿತಮೇಷ್ಟ್ರು · ಭಾನುವಾರ ಬೆಳಿಗ್ಗೆ 8:50

ಬಯಲುಸೀಮೆಯವರೇ, ಕೂತು ಲೆಕ್ಕ ಹಾಕೋಣ. ಸ್ಥೂಲ ಲೆಕ್ಕ, ಆದರೆ ವಿಷಯ ಗೊತ್ತಾಗುತ್ತದೆ.

ಹತ್ತು ಲೀಟರಿನ ಒಂದು ಬಕೆಟ್ ತೆಗೆದುಕೊಳ್ಳಿ. ಆಕಾಶಗಂಗೆಯ ಹೊರವಲಯದಲ್ಲಿ ಅಷ್ಟು ಜಾಗದೊಳಗೆ ಸುಮಾರು ಒಂದು ಕಣ ಇರುತ್ತದೆ. ಹೌದು, ಬಕೆಟ್‌ಗೆ ಒಂದೇ ಒಂದು. ಆದರೆ ಎದುರುಗಾಳಿಯ ಒತ್ತಡ ಸಾಂದ್ರತೆಯನ್ನು ಮಾತ್ರ ನೋಡುವುದಿಲ್ಲ, ವೇಗದ ವರ್ಗವನ್ನೂ ನೋಡುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಪುಟ್ಟ ಗೆಲಾಕ್ಸಿ ಸೆಕೆಂಡಿಗೆ 200 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ ಅಂದುಕೊಳ್ಳಿ. 1 × 200 × 200 = 40,000.

ಇನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ. ಡ್ರೇಕೊದ ನಕ್ಷತ್ರಗಳು ಒಳಗೊಳಗೆ ಓಡಾಡುವ ವೇಗ ಸೆಕೆಂಡಿಗೆ ಸುಮಾರು 10 ಕಿಲೋಮೀಟರ್. ಅದರ ಗುರುತ್ವ ಅಷ್ಟೇ ದುರ್ಬಲ. ಅಂಥ ಗೆಲಾಕ್ಸಿಯ ಅಂಚಿನಲ್ಲಿ ಬಕೆಟ್‌ಗೆ 100 ಕಣ ಇದ್ದರೆ: 100 × 10 × 10 = 10,000. ಗಾಳಿ 40,000, ಹಿಡಿತ 10,000. ಅಂಚಿನ ಅನಿಲ ಹೋಯಿತು.

ನಡುಮಧ್ಯೆ ಬಕೆಟ್‌ಗೆ 10,000 ಕಣ ಇದ್ದರೆ ಹಿಡಿತ 10 ಲಕ್ಷ. ಅದು ಈ ಗಾಳಿಗೆ ಅಲುಗಾಡುವುದಿಲ್ಲ. ಹಾಗಾಗಿ ಗಾಳಿ ಒಂದೇ ಏಟಿಗೆ ಎಲ್ಲವನ್ನೂ ಒಯ್ಯುವುದಿಲ್ಲ. ಆದರೆ ಒಳಗೆ ಸೂಪರ್‌ನೋವಾ (ಭಾರದ ನಕ್ಷತ್ರ ಸಾಯುವಾಗಿನ ಸ್ಫೋಟ) ಸಿಡಿದು ಮಧ್ಯದ ಅನಿಲವನ್ನು ಉಬ್ಬಿಸಿ ತೆಳ್ಳಗೆ ಮಾಡಿದರೆ? ಕಕ್ಷೆಯಲ್ಲಿ ಆಕಾಶಗಂಗೆಗೆ ಇನ್ನೂ ಹತ್ತಿರ ಬಂದು ವೇಗವೂ ಸಾಂದ್ರತೆಯೂ ಏರಿದರೆ? ಆಗ ಅದೂ ಗಾಳಿಪಾಲು.

ಇದೇ ಲೆಕ್ಕವನ್ನು ದೊಡ್ಡ ಮೆಜೆಲ್ಲಾನಿಕ್ ಮೋಡಕ್ಕೆ ಹಾಕಿ. ಹೆಸರು ಮೋಡ, ಆದರೆ ಅದೂ ಆಕಾಶಗಂಗೆಯ ಪಕ್ಕದ ಒಂದು ಗೆಲಾಕ್ಸಿ. ಅದರ ಒಳಗಿನ ತಿರುಗುವ ವೇಗ 70 ಕಿಲೋಮೀಟರಿಗೆ ಕಡಿಮೆ ಇಲ್ಲ. ಅಂಚಿನ ಅದೇ 100 ಕಣಕ್ಕೆ ಹಿಡಿತ 4,90,000. ಅದು ಓಡುತ್ತಿರುವ ವೇಗ ಸುಮಾರು 320. ಗಾಳಿ 1,02,400. ಮೋಡ ಗೆದ್ದಿತು. ತೂಕ ಯಾಕೆ ಮುಖ್ಯ, ಪರಿಸರ ಯಾಕೆ ಮುಖ್ಯ ಎರಡೂ ಈ ಗುಣಾಕಾರದಲ್ಲೇ ಇವೆ.

ಬಯಲುಸೀಮೆ · ಭಾನುವಾರ ಬೆಳಿಗ್ಗೆ 9:02

ಒಪ್ಪಿದೆ ಮೇಷ್ಟ್ರೇ. ಬಕೆಟ್ ಲೆಕ್ಕ ಮರೆಯುವುದಿಲ್ಲ.

ಶಾಲೆಯಂಗಳ · ಭಾನುವಾರ ಬೆಳಿಗ್ಗೆ 10:30

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಒಂದು ಬೇಸಿಕ್ ಪ್ರಶ್ನೆ. 1,000 ಕೋಟಿ ವರ್ಷದ ಹಿಂದೆ ನಿಂತಿತು, 100 ಕೋಟಿ ವರ್ಷದ ಹಿಂದೆ ನಿಂತಿತು ಎಂದೆಲ್ಲ ಹೇಳುತ್ತೀರಲ್ಲ, ಅದು ಗೊತ್ತಾಗುವುದು ಹೇಗೆ? ಮಕ್ಕಳು ಕೇಳಿದರೆ ನಾನು ಏನು ಹೇಳಲಿ?

ನೀಹಾರಿಕೆ77 · ಭಾನುವಾರ ಬೆಳಿಗ್ಗೆ 11:10

ಇದನ್ನು ನಾನು ಹೇಳುತ್ತೇನೆ ಮೇಡಂ, ಈ ಭಾಗ ನನಗೆ ತುಂಬ ಇಷ್ಟ.

ಒಂದು ಹಳ್ಳಿಗೆ ಹೋಗುತ್ತೀರಿ. ಶಾಲೆ ಮುಚ್ಚಿದೆ. ಬೀದಿಯಲ್ಲಿ ಮಕ್ಕಳಿಲ್ಲ, ಹರೆಯದವರೂ ಇಲ್ಲ. ಸಿಗುವ ಅತಿ ಚಿಕ್ಕವರಿಗೆ ಐವತ್ತು ವಯಸ್ಸು. ಊರಲ್ಲಿ ಐವತ್ತು ವರ್ಷದಿಂದ ತೊಟ್ಟಿಲು ತೂಗಿಲ್ಲ ಎಂದು ಯಾರೂ ಹೇಳದೆಯೇ ಗೊತ್ತಾಗುತ್ತದೆ, ಅಲ್ವಾ?

ನಕ್ಷತ್ರಗಳಲ್ಲೂ ಹಾಗೆಯೇ. ಭಾರದ ನಕ್ಷತ್ರ ನೀಲಿಯಾಗಿ ಜೋರಾಗಿ ಉರಿದು ಬೇಗ ಮುಗಿಯುತ್ತದೆ. ಸೂರ್ಯನಂಥದ್ದು 1,000 ಕೋಟಿ ವರ್ಷ ಬಾಳುತ್ತದೆ. ಗೆಲಾಕ್ಸಿಯ ಒಂದೊಂದು ನಕ್ಷತ್ರದ ಬಣ್ಣ ಮತ್ತು ಹೊಳಪನ್ನು ಅಳೆದು ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಡುತ್ತಾ ಹೋಗುತ್ತಾರೆ. ಅಡ್ಡಕ್ಕೆ ಬಣ್ಣ, ಉದ್ದಕ್ಕೆ ಹೊಳಪು. ಚುಕ್ಕಿಗಳ ಸಾಲು ಕೆಳಗಿಂದ ಮೇಲಕ್ಕೆ ಬಂದು ಒಂದು ಕಡೆ ಬಲಕ್ಕೆ ಬಾಗುತ್ತದೆ. ಆ ತಿರುವು ಎಲ್ಲಿದೆ ಎಂಬುದೇ ವಯಸ್ಸು. ಡ್ರೇಕೊದಲ್ಲಿ ತಿರುವು ತುಂಬ ಕೆಳಗಿದೆ. ಅದರ ಮೇಲೆ ಇರಬೇಕಾದ ಎಳೆಯ ನೀಲಿ ನಕ್ಷತ್ರಗಳ ಜಾಗ ಖಾಲಿ. ಕರೀನಾದಲ್ಲಿ ಇಂಥ ತಿರುವು ಒಂದಕ್ಕಿಂತ ಹೆಚ್ಚು ಕಾಣುತ್ತದೆ. ಅಂದರೆ ಅಲ್ಲಿ ನಕ್ಷತ್ರಗಳು ಕಂತು ಕಂತಾಗಿ ಹುಟ್ಟಿವೆ.

ಕಷ್ಟ ಏನೆಂದರೆ ಆ ಹಳೆಯ ತಿರುವಿನ ನಕ್ಷತ್ರಗಳು ತುಂಬ ಮಂಕು. ದೂರದ ಗೆಲಾಕ್ಸಿಯಲ್ಲಿ ಅವು ಬಿಡಿಬಿಡಿಯಾಗಿ ಕಾಣಬೇಕಾದರೆ ಹಬಲ್ ಬೇಕು, ಈಗ ಜೇಮ್ಸ್ ವೆಬ್ ಬೇಕು.

ಅರಳಿಕಟ್ಟೆ · ಭಾನುವಾರ ಮಧ್ಯಾಹ್ನ 1:45

ನನ್ನದೊಂದು ತಕರಾರು ಇದೆ. ಎಲ್ಲ ಪಾಪವನ್ನೂ ಪರಿಸರದ ತಲೆಗೆ ಕಟ್ಟುತ್ತಿದ್ದೀರಿ. ಪುಟ್ಟ ಗೆಲಾಕ್ಸಿಯ ಗುರುತ್ವ ದುರ್ಬಲ ಎಂದು ನೀವೇ ಹೇಳಿದಿರಿ. ಹಾಗಿದ್ದರೆ ಅದರದ್ದೇ ಸೂಪರ್‌ನೋವಾಗಳು ಅನಿಲವನ್ನು ಹೊರಗೆ ಊದಿಬಿಡಬಹುದಲ್ವಾ? ಹೊರಗಿನವರು ಯಾಕೆ ಬೇಕು?

ಖೊಡದ್‌ಅಲೆ · ಭಾನುವಾರ ಸಂಜೆ 4:20

ತಕರಾರು ನ್ಯಾಯವಾಗಿದೆ ಸರ್. ಇದನ್ನು ಪರೀಕ್ಷಿಸುವ ದಾರಿಯೂ ಇದೆ. ಗೆಲಾಕ್ಸಿ ತಾನೇ ತನ್ನ ಒಲೆ ಆರಿಸಿಕೊಳ್ಳುವುದಾದರೆ ಒಂಟಿಯಾಗಿರುವ ಪುಟ್ಟ ಗೆಲಾಕ್ಸಿಗಳಲ್ಲೂ ಆರಿದವು ಬೇಕಾದಷ್ಟು ಸಿಗಬೇಕು.

2012ರಲ್ಲಿ ಮಾರ್ಲಾ ಗೇಹಾ ಮತ್ತು ಜೊತೆಗಾರರು ಆಕಾಶದ ದೊಡ್ಡ ಭಾಗವನ್ನು ಅಳೆದ ಸ್ಲೋನ್ ಸಮೀಕ್ಷೆಯ ಮಾಹಿತಿಯಲ್ಲಿ ಇದನ್ನೇ ಹುಡುಕಿದರು. ನಕ್ಷತ್ರಗಳ ತೂಕ 1 ಕೋಟಿಯಿಂದ 100 ಕೋಟಿ ಸೂರ್ಯರಷ್ಟಿರುವ ಗೆಲಾಕ್ಸಿಗಳು. ಯಾವುದೇ ದೊಡ್ಡ ಗೆಲಾಕ್ಸಿಯಿಂದ ಸುಮಾರು 50 ಲಕ್ಷ ಜ್ಯೋತಿರ್ವರ್ಷ ಆಚೆ ಇರುವವುಗಳಲ್ಲಿ ಆರಿದವು ಎಷ್ಟು? 0.06 ಶೇಕಡಾಕ್ಕಿಂತ ಕಡಿಮೆ. ಹೆಚ್ಚುಕಡಿಮೆ ಸೊನ್ನೆ. ಈ ಸಂಖ್ಯೆಯನ್ನು ಮೊದಲ ಸಲ ಓದಿದಾಗ ಎದ್ದು ಕೂತಿದ್ದೆ. ಪ್ರಕೃತಿ ಇಷ್ಟು ನೇರವಾಗಿ ಉತ್ತರ ಕೊಡುವುದು ಅಪರೂಪ.

ಸೂಪರ್‌ನೋವಾ ಅನಿಲವನ್ನು ಚೆದುರಿಸುವುದು ನಿಜ. ಆದರೆ ಅದು ಪೂರ್ತಿ ಕೈತಪ್ಪುವುದಿಲ್ಲ. ತಣ್ಣಗಾಗಿ ಮತ್ತೆ ಒಳಗೆ ಬೀಳುತ್ತದೆ. ಒಂಟಿ ಗೆಲಾಕ್ಸಿ ಉಸಿರಾಡುವ ಹಾಗೆ: ಉಬ್ಬುತ್ತದೆ, ಇಳಿಯುತ್ತದೆ, ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಪಕ್ಕದಲ್ಲಿ ದೊಡ್ಡ ಗೆಲಾಕ್ಸಿ ಇದ್ದರೆ, ಉಬ್ಬಿದ ಆ ಹೊತ್ತಿನಲ್ಲೇ ಗಾಳಿ ಬಂದು ಒಯ್ಯುತ್ತದೆ. ಮೇಷ್ಟ್ರು ಹೇಳಿದ್ದು ಇದನ್ನೇ.

ಅರಳಿಕಟ್ಟೆ · ಭಾನುವಾರ ಸಂಜೆ 5:05

ಸೊನ್ನೆ ಎನ್ನಲು ನಾನು ತಯಾರಿಲ್ಲ. ಕೆಕೆಎಸ್ 3 ಎಂಬ ಒಂಟಿ ಗೆಲಾಕ್ಸಿ ಇದೆ. ಸುಮಾರು 70 ಲಕ್ಷ ಜ್ಯೋತಿರ್ವರ್ಷ ದೂರ, ಹತ್ತಿರದಲ್ಲಿ ದೊಡ್ಡವರು ಯಾರೂ ಇಲ್ಲ. ಆದರೂ ಅದರ ನಕ್ಷತ್ರಗಳಲ್ಲಿ ಬಹುಪಾಲು ಮುದಿ. 2022ರಲ್ಲಿ ಸಿಕ್ಕ ಟುಕಾನಾ ಬಿ ಕೂಡ ಒಂಟಿ, ಅದೂ ಆರಿದೆ.

ಖೊಡದ್‌ಅಲೆ · ಭಾನುವಾರ ಸಂಜೆ 5:30

ಒಪ್ಪುತ್ತೇನೆ. ಅವು ಇವೆ, ಅವುಗಳಿಗೆ ಉತ್ತರ ಕೊಡಲೇಬೇಕು. ಟುಕಾನಾ ಬಿ ಆ ಒಂದು ಕೋಟಿ ಸೂರ್ಯರ ಗೆರೆಗಿಂತ ಎಷ್ಟೋ ಕೆಳಗಿನದು. ಅದರ ಕಥೆ ಬೇರೆ, ಆ ಮಾತಿಗೆ ಆಮೇಲೆ ಬರೋಣ. ಇನ್ನು ಕೆಲವು ಒಂಟಿ ಗೆಲಾಕ್ಸಿಗಳು ಮೊದಲು ದೊಡ್ಡ ಗೆಲಾಕ್ಸಿಯ ಪಕ್ಕದಲ್ಲಿ ಹಾದು, ಅನಿಲ ಕಳೆದುಕೊಂಡು, ಆ ವೇಗದಲ್ಲೇ ದೂರಕ್ಕೆ ಎಸೆಯಲ್ಪಟ್ಟಿರಬಹುದು. ಇಂದು ಒಂಟಿ ಎಂದರೆ ಹುಟ್ಟಿನಿಂದ ಒಂಟಿ ಎಂದಲ್ಲ. ಗೆಲಾಕ್ಸಿಯ ಪರಿಸರ ಎಂದಾಗ ಅದು ಈಗ ನಿಂತಿರುವ ಜಾಗವನ್ನಷ್ಟೇ ನೋಡಿದರೆ ಸಾಲದು, ನಡೆದು ಬಂದ ದಾರಿಯನ್ನೂ ನೋಡಬೇಕು.

ಪರ್ತ್‌ಕನ್ನಡಿಗ · ಭಾನುವಾರ ಸಂಜೆ 6:15

ಆಸ್ಟ್ರೇಲಿಯಾದಿಂದ ನಮಸ್ಕಾರ. ಮೇಷ್ಟ್ರು ಮೆಜೆಲ್ಲಾನಿಕ್ ಮೋಡ ಎಂದದ್ದಕ್ಕೆ ಬರೆಯುತ್ತಿದ್ದೇನೆ. ಇಲ್ಲಿ ಪರ್ತ್‌ನಲ್ಲಿ ಅದು ಮುಳುಗುವುದೇ ಇಲ್ಲ. ಊರಿಂದ ಒಂದು ಗಂಟೆ ಕಾರಲ್ಲಿ ಹೊರಗೆ ಹೋದರೆ ಸಾಕು, ಆಕಾಶಗಂಗೆಯಿಂದ ಹರಿದು ಬಿದ್ದ ಎರಡು ತುಂಡಿನ ಹಾಗೆ ದೊಡ್ಡದೂ ಚಿಕ್ಕದೂ ಬರಿಗಣ್ಣಿಗೆ ಕಾಣುತ್ತವೆ. ದೊಡ್ಡದರ ಅಂಚಿನಲ್ಲಿ ಟ್ಯಾರಂಟುಲಾ ನೀಹಾರಿಕೆ. ಬೈನಾಕ್ಯುಲರಿನಲ್ಲಿ ಅದು ಹೊಳೆಯುವ ಹತ್ತಿಯ ಉಂಡೆ. ನಕ್ಷತ್ರಗಳು ರಭಸದಿಂದ ಹುಟ್ಟುತ್ತಿರುವ ಜಾಗ.

ನನ್ನ ಪ್ರಶ್ನೆ: ದೊಡ್ಡ ಮೋಡ 1.6 ಲಕ್ಷ ಜ್ಯೋತಿರ್ವರ್ಷ, ಚಿಕ್ಕದು 2 ಲಕ್ಷ. ಎರಡೂ ಡ್ರೇಕೊಗಿಂತ ಹತ್ತಿರ. ಹತ್ತಿರ ಬಂದವರ ಒಲೆ ಆರುವುದಾದರೆ ಇವೆರಡು ಯಾಕೆ ಧಗಧಗ ಉರಿಯುತ್ತಿವೆ? ತೂಕ ಜಾಸ್ತಿ ಎಂಬುದು ಒಂದೇ ಕಾರಣವಾ?

ಗಣಿತಮೇಷ್ಟ್ರು · ಭಾನುವಾರ ರಾತ್ರಿ 8:30

ಅಣ್ಣ, ತೂಕ ಒಂದು ಕಾರಣ. ಇನ್ನೊಂದು ಕಾಲ. ಅವು ಬಂದು ಜಾಸ್ತಿ ದಿನ ಆಗಿಲ್ಲ.

ಈ ಮೋಡಗಳು ಆಕಾಶಗಂಗೆಯನ್ನು ಅನೇಕ ಸಲ ಸುತ್ತಿವೆ ಎಂದೇ ಬಹಳ ಕಾಲ ನಂಬಿದ್ದರು. 2006ರಲ್ಲಿ ನಿತ್ಯಾ ಕಲ್ಲಿವಯಲಿಲ್ ಮತ್ತು ತಂಡ ಹಬಲ್‌ನಿಂದ ಅವುಗಳ ಚಲನೆಯನ್ನು ಸೂಕ್ಷ್ಮವಾಗಿ ಅಳೆದರು. ಅಂದುಕೊಂಡಿದ್ದಕ್ಕಿಂತ ವೇಗ ಜಾಸ್ತಿ ಬಂತು. ಮರುವರ್ಷ ಗುರ್ತೀನಾ ಬೆಸ್ಲಾ ಮತ್ತು ಜೊತೆಗಾರರು ಆ ವೇಗವನ್ನು ಹಿಂದಕ್ಕೆ ಓಡಿಸಿ ಲೆಕ್ಕ ಹಾಕಿದಾಗ, ಮೋಡಗಳು ನಮ್ಮ ಅಂಗಳಕ್ಕೆ ಬಂದಿರುವುದು ಇದೇ ಮೊದಲ ಸಲ ಎಂಬ ಚಿತ್ರ ಸಿಕ್ಕಿತು. ಇದು ಎರಡನೇ ಸುತ್ತು ಎನ್ನುವವರೂ ಇದ್ದಾರೆ. ಆದರೆ ಹಳೆಯ ಒಕ್ಕಲಲ್ಲ ಎಂಬುದರಲ್ಲಿ ಜಗಳವಿಲ್ಲ.

ಆದರೂ ಬಂದಕೂಡಲೇ ಗಾಳಿ ಕೆಲಸ ಶುರು ಮಾಡಿದೆ, ಬಕೆಟ್‌ಗೆ 100 ಕಣಕ್ಕಿಂತ ತುಂಬ ಕಡಿಮೆ ಇರುವ ತೀರಾ ಹೊರಗಿನ ಅನಿಲದಲ್ಲಿ. ದೊಡ್ಡ ಮೋಡದ ಮುಂಭಾಗವನ್ನು ನೋಡಿ, ಅಂದರೆ ಅದು ಓಡುತ್ತಿರುವ ದಿಕ್ಕಿನ ಅಂಚು. ಅಲ್ಲಿ ಅನಿಲದ ತಟ್ಟೆ ಸುಮಾರು 20,000 ಜ್ಯೋತಿರ್ವರ್ಷಕ್ಕೇ ಕತ್ತರಿಸಿದ ಹಾಗೆ ನಿಂತುಬಿಡುತ್ತದೆ. ನಕ್ಷತ್ರಗಳ ತಟ್ಟೆ ಮಾತ್ರ ಇನ್ನೂ ಆಚೆಗೆ ಹೋಗುತ್ತದೆ. ಕಾಳು ಉಳಿದಿದೆ, ಹೊಟ್ಟು ಹಾರಿದೆ! ಅದು ಎಲ್ಲಿಯವರೆಗೆ ಹಿಂದೆ ಸರಿದಿದೆ ಎಂದು ಅಳೆದು, ಅಲ್ಲಿಂದ ಆಕಾಶಗಂಗೆಯ ಬಿಸಿ ಅನಿಲ ಎಷ್ಟು ದಟ್ಟವಾಗಿದೆ ಎಂದು 2015ರಲ್ಲಿ ಲೆಕ್ಕ ತೆಗೆದರು. ಬೆಳಿಗ್ಗೆ ನಾನು ಹೇಳಿದ ಬಕೆಟ್‌ಗೆ ಒಂದು ಕಣ ಬಂದದ್ದು ಅಲ್ಲಿಂದಲೇ.

ಹಿಂದೆ ಉಳಿದದ್ದು ಮೆಜೆಲ್ಲಾನಿಕ್ ಹೊಳೆ. 1974ರಲ್ಲಿ ಗುರುತಿಸಿದ್ದು. ಆಕಾಶದಲ್ಲಿ 100 ಡಿಗ್ರಿಗಿಂತ ಉದ್ದ ಚಾಚಿಕೊಂಡ ಅನಿಲದ ಪಟ್ಟಿ. ಎರಡು ಮೋಡಗಳ ಪರಸ್ಪರ ಎಳೆದಾಟ, ಆಮೇಲೆ ಈ ಗಾಳಿ, ಎರಡೂ ಸೇರಿ ಮಾಡಿದ ಕೆಲಸ.

ಪರ್ತ್‌ಕನ್ನಡಿಗ · ಭಾನುವಾರ ರಾತ್ರಿ 8:52

ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ, ಅದರ ಒಂದು ಅಂಚು ಸವೆದಿದೆ ಎಂದು ಗೊತ್ತೇ ಇರಲಿಲ್ಲ. ಇವತ್ತು ರಾತ್ರಿ ಹೊರಗೆ ಹೋಗಿ ಮತ್ತೆ ನೋಡುತ್ತೇನೆ.

ನೀಹಾರಿಕೆ77 · ಭಾನುವಾರ ರಾತ್ರಿ 9:30

ಎಳೆದಾಟ ಎಂದಿರಲ್ಲ ಮೇಷ್ಟ್ರೇ, ಅದರಲ್ಲಿ ಒಳ್ಳೆಯದೂ ಆಗುತ್ತದೆ. 2022ರಲ್ಲಿ ಎರಡೂ ಮೋಡಗಳ ನಕ್ಷತ್ರ ಹುಟ್ಟಿನ ಚರಿತ್ರೆಯನ್ನು ಜೊತೆಗಿಟ್ಟು ನೋಡಿದ ಕೆಲಸ ಬಂತು. ಸುಮಾರು 350 ಕೋಟಿ ವರ್ಷಗಳಿಂದ ಎರಡರಲ್ಲೂ ಏರಿಳಿತ ಜೊತೆಜೊತೆಗೇ ನಡೆದಿದೆ. ಒಂದರಲ್ಲಿ ಹುಟ್ಟು ಏರಿದಾಗ ಇನ್ನೊಂದರಲ್ಲೂ ಏರಿದೆ. ಹತ್ತಿರ ಬಂದಾಗ ಒಂದರ ಸೆಳೆತ ಇನ್ನೊಂದರ ಅನಿಲವನ್ನು ಕಲಕಿ ಒತ್ತುತ್ತದೆ, ಒತ್ತಾದ ಕಡೆ ನಕ್ಷತ್ರ ಹುಟ್ಟುತ್ತದೆ. ಹಾಗಾಗಿ ನೆರೆಹೊರೆ ಎಂದರೆ ಬರೀ ಕೇಡು ಎಂದು ಬರೆಯಬೇಡಿ. ಸಮಾನ ತೂಕದ ನೆರೆಯವನು ಒಲೆ ಊದುತ್ತಾನೆ. ತುಂಬ ದೊಡ್ಡ ನೆರೆಯವನು ಆರಿಸುತ್ತಾನೆ.

ಕೆರೆಏರಿ · ಸೋಮವಾರ ಬೆಳಿಗ್ಗೆ 6:50

ನಿಮ್ಮ ಮಾತುಕತೆ ಎರಡು ದಿನದಿಂದ ಓದುತ್ತಿದ್ದೇನೆ. ಗಾಳಿ ಒಂದೇ ದಾರಿ ಅಲ್ಲ ಎಂದು ಹೇಳಬೇಕೆನಿಸಿತು.

ನಮ್ಮೂರ ಕೆರೆಯ ಕೋಡಿ ಒಡೆದರೆ ನೀರು ಒಂದೇ ದಿನದಲ್ಲಿ ಹೋಗುತ್ತದೆ. ಅದು ಗಾಳಿ ತೂರಿದ ಹಾಗೆ. ಆದರೆ ಕೆರೆಗೆ ನೀರು ತರುವ ರಾಜಕಾಲುವೆ ಮುಚ್ಚಿಹೋದರೆ? ಆ ವರ್ಷ ಏನೂ ಗೊತ್ತಾಗುವುದಿಲ್ಲ. ಕೆರೆ ತುಂಬಿದಂತೆಯೇ ಇರುತ್ತದೆ, ಗದ್ದೆಗೆ ತೂಬಿನಿಂದ ನೀರು ಹರಿಯುತ್ತದೆ. ಎರಡು ಮೂರು ವರ್ಷದಲ್ಲಿ ತಳ ಕಾಣುತ್ತದೆ.

ಗೆಲಾಕ್ಸಿಗೂ ರಾಜಕಾಲುವೆ ಇದೆ. ಅದರ ಸುತ್ತ ದೂರದವರೆಗೆ ಹರಡಿರುವ ಅನಿಲ ನಿಧಾನವಾಗಿ ತಣ್ಣಗಾಗಿ ಒಳಗೆ ಇಳಿಯುತ್ತಾ ಇರುತ್ತದೆ. ದೊಡ್ಡ ಗೆಲಾಕ್ಸಿಯ ಅಂಗಳಕ್ಕೆ ಬಂದಾಗ ಮೊದಲು ಕಿತ್ತುಹೋಗುವುದು ಈ ಸಡಿಲ ಅನಿಲ. ಒಳಗಿದ್ದದ್ದು ಖರ್ಚಾಗುವವರೆಗೆ ನಕ್ಷತ್ರಗಳು ಹುಟ್ಟುತ್ತವೆ, ಆಮೇಲೆ ಇಲ್ಲ. 1980ರಲ್ಲಿ ಲಾರ್ಸನ್, ಟಿನ್ಸ್ಲಿ, ಕಾಲ್ಡ್‌ವೆಲ್ ಮುಂದಿಟ್ಟ ವಿಚಾರ ಇದು. ಸ್ವಲ್ಪ ದೊಡ್ಡ ಕುಬ್ಜ ಗೆಲಾಕ್ಸಿಗಳು ನೂರಾರು ಕೋಟಿ ವರ್ಷ ತಡವಾಗಿ ಆರುವುದು ಹೀಗೆ. ತೀರಾ ಚಿಕ್ಕವು ಅಂಗಳಕ್ಕೆ ಬಂದ ಸುಮಾರು 200 ಕೋಟಿ ವರ್ಷದೊಳಗೆ ಮುಗಿಯುತ್ತವೆ. ಅಲ್ಲಿ ಗಾಳಿಯದ್ದೇ ಕೈ ಮೇಲು.

ಎರಡರ ಗುರುತೂ ಬೇರೆ. ಕೋಡಿ ಒಡೆದ ಗೆಲಾಕ್ಸಿಗೆ ಬಾಲ ಇರುತ್ತದೆ. 5.4 ಕೋಟಿ ಜ್ಯೋತಿರ್ವರ್ಷ ದೂರದ ವರ್ಗೊ ಗುಂಪಿನಲ್ಲಿ ಐಸಿ 3418 ಎಂಬ ಪುಟ್ಟ ಗೆಲಾಕ್ಸಿ ಇದೆ. ಅದರ ಮೈಯಲ್ಲಿ ನಕ್ಷತ್ರ ಹುಟ್ಟುವುದು ಸುಮಾರು 30 ಕೋಟಿ ವರ್ಷದ ಹಿಂದೆಯೇ ನಿಂತಿದೆ. ಆದರೆ ಹಿಂದೆ ಎಳೆದ ಸುಮಾರು 55,000 ಜ್ಯೋತಿರ್ವರ್ಷ ಉದ್ದದ ಬಾಲದಲ್ಲಿ ನೀಲಿ ಉಂಡೆಗಳು ಹೊಳೆಯುತ್ತಿವೆ. ಹಾರಿಹೋದ ಅನಿಲ ಹೋಗುವ ದಾರಿಯಲ್ಲೇ ನಕ್ಷತ್ರ ಹೆರುತ್ತಿದೆ. ಚಿತ್ರ ಸಿಕ್ಕರೆ ನೋಡಿ. ನನಗಂತೂ ಗಂಟಲು ಕಟ್ಟಿತ್ತು.

ಶಾಲೆಯಂಗಳ · ಸೋಮವಾರ ಮಧ್ಯಾಹ್ನ 1:20

ಇಂಥ ಬಾಲಗಳನ್ನು ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹ ಕೂಡ ನೋಡಿದೆಯಲ್ಲ?

ಖೊಡದ್‌ಅಲೆ · ಸೋಮವಾರ ಮಧ್ಯಾಹ್ನ 2:05

ನೋಡಿದೆ ಮೇಡಂ. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್‌ನಲ್ಲಿ ಯುವಿಐಟಿ ಎಂಬ ನೇರಳಾತೀತ ದೂರದರ್ಶಕ ಇದೆ. ಅದರ ಹೊಣೆ ಹೊತ್ತದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಹೊಸಕೋಟೆಯ ಆವರಣದ ಲ್ಯಾಬ್‌ನಲ್ಲಿ ಅದನ್ನು ಜೋಡಿಸಿದರು. ನೇರಳಾತೀತದಲ್ಲಿ ಹೊಳೆಯುವುದು ಎಳೆಯ ನಕ್ಷತ್ರ. ಹಾಗಾಗಿ ಈಚಿನ ಹುಟ್ಟನ್ನು ಹಿಡಿಯಲು ಅದೇ ಸರಿಯಾದ ಕಣ್ಣು. ಅದು ನೋಡಿದ ಬಾಲದ ಗೆಲಾಕ್ಸಿಗಳಲ್ಲಿ ಹೆಸರಾದದ್ದು ಜೆಒ201. ಆದರೆ ಅದು ದೊಡ್ಡ ಗೆಲಾಕ್ಸಿ. ಪುಟ್ಟವುಗಳ ಬಗ್ಗೆ 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಕೆಲಸ ನೋಡಿ. ದೂರದ ನೀಲಿ ಕುಬ್ಜ ಗೆಲಾಕ್ಸಿಗಳ ಹೊರ ಅಂಚಿನಲ್ಲಿ ಎಳೆಯ ನಕ್ಷತ್ರಗಳ ಬೆಳಕನ್ನು ಯುವಿಐಟಿ ಹಿಡಿದಿತ್ತು. ಅನಿಲ ಹೊರಗಿಂದ ಒಳಗೆ ಬರುತ್ತಾ ಗೆಲಾಕ್ಸಿ ಬೆಳೆಯುತ್ತಿರುವ ಚಿತ್ರ ಅದು. ಕೆರೆಏರಿ ಅವರು ಹೇಳಿದ ರಾಜಕಾಲುವೆ ತೆರೆದೇ ಇದ್ದರೆ ಹೀಗಾಗುತ್ತದೆ.

ಅರಳಿಕಟ್ಟೆ · ಸೋಮವಾರ ರಾತ್ರಿ 9:15

ಟುಕಾನಾ ಬಿ ಬಗ್ಗೆ ಆಮೇಲೆ ಹೇಳುತ್ತೇನೆ ಎಂದಿದ್ದಿರಿ. ಕಾಯುತ್ತಿದ್ದೇನೆ.

ಖೊಡದ್‌ಅಲೆ · ಸೋಮವಾರ ರಾತ್ರಿ 10:40

ಮರೆತಿಲ್ಲ ಸರ್. ಅದಕ್ಕೆ ತುಂಬ ಹಿಂದಕ್ಕೆ ಹೋಗಬೇಕು.

ಮಹಾಸ್ಫೋಟ ಆಗಿ ಸುಮಾರು 100 ಕೋಟಿ ವರ್ಷದ ಹೊತ್ತಿಗೆ ಮೊದಲ ಗೆಲಾಕ್ಸಿಗಳ ನೇರಳಾತೀತ ಬೆಳಕು ಇಡೀ ವಿಶ್ವದ ಜಲಜನಕವನ್ನು ಕಾಯಿಸಿಬಿಟ್ಟಿತು. ಸುಮಾರು 10,000 ಡಿಗ್ರಿ. ಅಷ್ಟು ಬಿಸಿಯಾದ ಅನಿಲದ ಕಣಗಳು ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ಓಡುತ್ತವೆ. ತೀರಾ ಸಣ್ಣ ಗೆಲಾಕ್ಸಿಯ ಗುರುತ್ವಕ್ಕೆ ಅದನ್ನು ಹಿಡಿಯಲು ಆಗುವುದಿಲ್ಲ. ಇದೂ ಪರಿಸರವೇ. ಆದರೆ ಒಂದು ಊರಿನದ್ದಲ್ಲ, ಇಡೀ ಲೋಕಕ್ಕೆ ಬಂದ ಬರಗಾಲ. ಆಕಾಶಗಂಗೆಯ ಸುತ್ತಲಿನ ಆರು ಅತಿ ಮಂಕು ಗೆಲಾಕ್ಸಿಗಳನ್ನು ಹಬಲ್ ಅಳೆದಾಗ, ಅವುಗಳ ಬಹುಪಾಲು ನಕ್ಷತ್ರಗಳು ಈ ಬರಕ್ಕೆ ಮೊದಲೇ ಹುಟ್ಟಿದ್ದವು ಎಂದು 2014ರಲ್ಲಿ ತಿಳಿಯಿತು. ಟುಕಾನಾ ಬಿ ಇದೇ ಜಾತಿಯದ್ದು. ಅದಕ್ಕೆ ನೆರೆಯವರು ಬೇಕಿರಲಿಲ್ಲ.

ಈಗ ನೀಹಾರಿಕೆ ಅಕ್ಕನ ಲಿಯೊ ಪಿಗೆ ಬರುತ್ತೇನೆ. ಜೇಮ್ಸ್ ವೆಬ್ ಅದರ ಹಳೆಯ ತಿರುವಿನವರೆಗೂ ನೋಡಿತು. 2024ರಲ್ಲಿ ಕ್ರಿಸ್ಟನ್ ಮ್ಯಾಕ್‌ಕ್ವಿನ್ ತಂಡದ ಫಲಿತಾಂಶ ಬಂತು. ಲಿಯೊ ಪಿ ಮೊದಲು ನಕ್ಷತ್ರಗಳನ್ನು ಹುಟ್ಟಿಸಿತು. ಬರ ಬಂದಾಗ ನಿಂತಿತು. ಕೆಲವು ನೂರು ಕೋಟಿ ವರ್ಷ ಏನೂ ಇಲ್ಲ. ಆಮೇಲೆ ಮತ್ತೆ ಶುರುವಾಯಿತು, ಇವತ್ತಿಗೂ ನಡೆಯುತ್ತಿದೆ! ಡಬ್ಲ್ಯುಎಲ್‌ಎಂ ಎಂಬ ಇನ್ನೊಂದು ಒಂಟಿ ಗೆಲಾಕ್ಸಿಯಲ್ಲೂ ಇಂಥದೇ ಬಿಡುವು ಕಂಡಿದೆ. ಲಿಯೊ ಎ, ಅಕ್ವೇರಿಯಸ್ ಕೂಡ ತಡವಾಗಿ ಎಚ್ಚೆತ್ತವು.

ನನಗೆ ಇಡೀ ವಿಷಯದಲ್ಲಿ ಮುಖ್ಯ ಅನಿಸುವುದು ಇದು. ಬರ ಲಿಯೊ ಪಿಗೂ ಬಂತು, ಡ್ರೇಕೊಗೂ ಬಂತು. ಲಿಯೊ ಪಿ ಒಂಟಿಯಾಗಿತ್ತು. ಅನಿಲ ಪೂರ್ತಿ ಕೈತಪ್ಪದೆ ಸುತ್ತಮುತ್ತಲೇ ಇತ್ತು, ತಣ್ಣಗಾದಮೇಲೆ ವಾಪಸ್ ಬಂತು. ಡ್ರೇಕೊ ಮಾತ್ರ ಬೇಗನೇ ಆಕಾಶಗಂಗೆಯ ಅಂಗಳಕ್ಕೆ ಬಿದ್ದಿತ್ತು. ವಾಪಸ್ ಬರಲು ಅದರ ಬಳಿ ಏನೂ ಉಳಿದಿರಲಿಲ್ಲ.

ನೀಹಾರಿಕೆ77 · ಸೋಮವಾರ ರಾತ್ರಿ 11:05

ವಾರದಿಂದ ಕೊರೆಯುತ್ತಿದ್ದದ್ದು ಈಗ ನಿಂತಿತು. ಕೃತಜ್ಞಳು, ತಮ್ಮಾ.

ಓದುವಾಗ ಸಿಕ್ಕ ಒಂದು ಸಂಗತಿ ಸೇರಿಸುತ್ತೇನೆ. ದೊಡ್ಡ ಮೋಡ ತನ್ನನ್ನು ಸುತ್ತುವ ಪುಟ್ಟ ಸಂಗಾತಿ ಗೆಲಾಕ್ಸಿಗಳನ್ನು ಕಟ್ಟಿಕೊಂಡು ಬಂದಿದೆ. ಆ ಸಂಗಾತಿಗಳು ಆಕಾಶಗಂಗೆಯ ಹಳೆಯ ಸಂಗಾತಿಗಳಿಗಿಂತ ಸುಮಾರು 60 ಕೋಟಿ ವರ್ಷ ತಡವಾಗಿ ಆರಿವೆ ಎಂದು 2021ರ ಒಂದು ಕೆಲಸ ಹೇಳುತ್ತದೆ. ಬರಗಾಲ ಕೂಡ ಎಲ್ಲ ಊರಿಗೂ ಒಂದೇ ದಿನ ಬಂದಿಲ್ಲ ಎಂದಾಯಿತಲ್ಲ!

ಬಯಲುಸೀಮೆ · ಮಂಗಳವಾರ ಬೆಳಿಗ್ಗೆ 7:30

ನಾವು ನಮ್ಮ ಆಕಾಶಗಂಗೆಯ ಸುತ್ತ ಮಾತ್ರ ನೋಡಿ ಇಷ್ಟೆಲ್ಲ ಹೇಳುತ್ತಿಲ್ಲ ತಾನೇ? ಒಂದು ಮನೆ ನೋಡಿ ಊರಿನ ಬಗ್ಗೆ ಹೇಳಬಾರದು.

ಗಣಿತಮೇಷ್ಟ್ರು · ಮಂಗಳವಾರ ಬೆಳಿಗ್ಗೆ 8:40

ಅದಕ್ಕೇ ಸಾಗಾ ಸಮೀಕ್ಷೆ ನಡೆದದ್ದು. ಆಕಾಶಗಂಗೆಯಂಥ 101 ಗೆಲಾಕ್ಸಿಗಳು, ಅವುಗಳ ಸುತ್ತ 378 ಸಂಗಾತಿಗಳು. ಫಲಿತಾಂಶ 2024ರಲ್ಲಿ ಬಂತು. ನಿಯಮ ಅಲ್ಲೂ ನಿಂತಿತು: ಸಂಗಾತಿ ಚಿಕ್ಕದಾದಷ್ಟೂ, ಒಡೆಯನಿಗೆ ಹತ್ತಿರವಾದಷ್ಟೂ ಆರಿರುವ ಸಂಭವ ಜಾಸ್ತಿ. ಆದರೆ ನಮ್ಮ ಮನೆ ಸರಾಸರಿ ಮನೆಯಲ್ಲ. ಬೇರೆ ಕಡೆ ಉರಿಯುತ್ತಿರುವ ಸಂಗಾತಿಗಳು ಇನ್ನಷ್ಟಿವೆ. ನಮ್ಮಲ್ಲಿ ಮೋಡಗಳೆರಡನ್ನು ಬಿಟ್ಟರೆ ಉಳಿದೆಲ್ಲ ತಣ್ಣಗಿವೆ. ಆಕಾಶಗಂಗೆ ತನ್ನ ಬಂಧುಗಳನ್ನು ತುಂಬ ಹಿಂದೆಯೇ ಸೇರಿಸಿಕೊಂಡಿತ್ತು, ಆಮೇಲೆ ಬಂದವು ಕಡಿಮೆ ಎಂಬುದು ಒಂದು ವಿವರಣೆ. ನನಗೆ ಅದು ಸರಿ ಎನಿಸುತ್ತದೆ.

ಬಯಲುಸೀಮೆ · ಮಂಗಳವಾರ ಬೆಳಿಗ್ಗೆ 8:55

ಕೊನೆಯದಾಗಿ, ಆ ದೊಡ್ಡ ಮೋಡ ನಮ್ಮ ಕಲಬುರಗಿಯಿಂದ ಕಾಣುತ್ತಾ? ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿದ್ದಾಗ ದಕ್ಷಿಣಕ್ಕೆ ಎಷ್ಟು ನೋಡಿದರೂ ಸಿಗಲಿಲ್ಲ.

ತೋಟದಮನೆ · ಮಂಗಳವಾರ ಸಂಜೆ 7:10

ಕಲಬುರಗಿಯಿಂದ ಕಷ್ಟ ಅಣ್ಣ. ಅಲ್ಲಿ ಅದು ದಿಗಂತದಿಂದ 3 ಡಿಗ್ರಿ ಮೇಲೆ ಬರುತ್ತದೆ ಅಷ್ಟೇ. ಮಂಜಿನಲ್ಲಿ ಕರಗಿಹೋಗುತ್ತದೆ. ನಾನು ಹನೂರು ಕಡೆಯವನು. ಇಲ್ಲಿ 8 ಡಿಗ್ರಿ ಸಿಗುತ್ತದೆ. ಕೈ ನೀಡಿ ಮುಷ್ಟಿ ಹಿಡಿದರೆ ಅದು 10 ಡಿಗ್ರಿ, ಅದಕ್ಕಿಂತ ಸ್ವಲ್ಪ ಕಡಿಮೆ.

ಹೋದ ವಾರ ಮಾವನ ತೋಟದ ಹಿಂದಿನ ಗುಡ್ಡ ಹತ್ತಿದ್ದೆ. ರಾತ್ರಿ 11 ಗಂಟೆ. ಸಂಜೆ ಮಳೆ ಬಂದು ಗಾಳಿ ತೊಳೆದ ಹಾಗಿತ್ತು. ಮೊದಲು ಅಗಸ್ತ್ಯ ನಕ್ಷತ್ರ ಹಿಡಿದೆ. ಅಲ್ಲಿಂದ ನೇರ ಕೆಳಕ್ಕೆ, ಸ್ವಲ್ಪ ಬಲಕ್ಕೆ. 10×50 ಬೈನಾಕ್ಯುಲರನ್ನು ಬಂಡೆಗೆ ಆನಿಸಿ ಹತ್ತು ನಿಮಿಷ ಅಲುಗಾಡದೆ ನೋಡಿದೆ. ಗಾಜಿನ ಮೇಲೆ ಉಸಿರು ಬಿಟ್ಟರೆ ಆಗುತ್ತದಲ್ಲ, ಅಂಥ ಒಂದು ಮಸುಕು. ಪಕ್ಕಕ್ಕೆ ಸರಿಸಿದರೆ ಹೋಗುತ್ತದೆ, ವಾಪಸ್ ತಂದರೆ ಅಲ್ಲೇ ಇರುತ್ತದೆ. ಮೂರು ಸಲ ಹಾಗೆ ಮಾಡಿ ಖಾತ್ರಿ ಮಾಡಿಕೊಂಡೆ.

ಮುಂದಿನ ಅಮಾವಾಸ್ಯೆಗೆ ಮತ್ತೆ ಹತ್ತುತ್ತೇನೆ. ಬರುವವರು ತಿಳಿಸಿ, ಮನೆಯಲ್ಲಿ ಊಟಕ್ಕೆ ಹೇಳಿರುತ್ತೇನೆ. ಜರ್ಕಿನ್ ಮರೆಯಬೇಡಿ, ಮೇಲೆ ಚಳಿ ಜಾಸ್ತಿ.